ಎರಡು ದಿನ ಊರು ಬಿಟ್ಟು ಹೋಗಿ ಬಂದರೂ ಸೋಮವಾರ ಸುಸ್ತು ಯಾಕೆ?

ಪ್ರಶ್ನೆ: ನನಗೆ 38 ವರ್ಷ. ಬೆಂಗಳೂರಿನಲ್ಲಿ ಖಾಸಗಿ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಮನೆಯಲ್ಲಿ ಪತಿ, ಒಂಬತ್ತು ವರ್ಷದ ಮಗಳು, 68 ವರ್ಷದ ಅತ್ತೆ ಇದ್ದಾರೆ. ಕೆಲಸದ ಒತ್ತಡ ಕಳೆಯಲಿ ಅಂತ ತಿಂಗಳಿಗೊಮ್ಮೆ ಶುಕ್ರವಾರ ರಾತ್ರಿ ಕಾರಿನಲ್ಲಿ ಹೊರಟು ಚಿಕ್ಕಮಗಳೂರು, ಸಕಲೇಶಪುರ, ಮಡಿಕೇರಿ ಕಡೆ ಹೋಗುತ್ತೇವೆ. ಭಾನುವಾರ ರಾತ್ರಿ ಹನ್ನೊಂದರ ಹೊತ್ತಿಗೆ ವಾಪಸ್. ಶನಿವಾರ ಮಧ್ಯಾಹ್ನವೇ ನನಗೆ ತಲೆನೋವು ಶುರುವಾಗುತ್ತದೆ. ಮಗಳಿಗೆ ಘಾಟಿಯಲ್ಲಿ ವಾಂತಿ. ಸೋಮವಾರ ಆಫೀಸಿನಲ್ಲಿ ಕೂತರೆ ಹೋಗುವ ಮುಂಚೆ ಇದ್ದದ್ದಕ್ಕಿಂತ ಹೆಚ್ಚು ಸುಸ್ತು, ಎಲ್ಲರ ಮೇಲೂ ಸಿಡಿಮಿಡಿ. ಎರಡು ದಿನ ಎಲ್ಲಿಗೂ ಸಾಲದು, ವರ್ಷಕ್ಕೊಮ್ಮೆ ಹತ್ತು ದಿನ ಹೋಗೋಣ ಅನ್ನುತ್ತಾರೆ ಪತಿ. ಹತ್ತು ದಿನದ ಮೌನ ಶಿಬಿರಕ್ಕೆ ಹೋಗು ಅನ್ನುತ್ತಾಳೆ ಗೆಳತಿ. ಎಲ್ಲರಿಗೂ ಪ್ರವಾಸ ಹೋದರೆ ಖುಷಿ, ನನಗೊಬ್ಬಳಿಗೆ ಹೀಗೇಕೆ? ನನ್ನಲ್ಲೇ ಏನಾದರೂ ದೋಷವಿದೆಯೇ? ಅತ್ತೆಯವರನ್ನು ಬಿಟ್ಟು ಹೋಗಬೇಕು ಅಂತ ಒಮ್ಮೊಮ್ಮೆ ಅನ್ನಿಸುತ್ತದೆ. ಹಾಗನ್ನಿಸಿದ್ದಕ್ಕೆ ಆಮೇಲೆ ಬೇಜಾರಾಗುತ್ತದೆ.

ಮನೋವೈದ್ಯರ ಉತ್ತರ:

ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಬೆರೆತಿವೆ. ಪ್ರವಾಸದಿಂದ ದಣಿವು ಯಾಕೆ ಇಳಿಯುತ್ತಿಲ್ಲ ಅನ್ನುವುದು ಒಂದು. ಅದು ಪ್ರವಾಸದಿಂದ ಇಳಿಯುವಂಥ ದಣಿವೇ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ನೀವು ಬರೆದಿರುವುದರಲ್ಲೇ ಇದೆ. ಎರಡನೆಯದಕ್ಕೆ ಒಂದೆರಡು ರಕ್ತಪರೀಕ್ಷೆ ಬೇಕಾಗಬಹುದು, ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ನಿಮ್ಮ ವಾರಾಂತ್ಯವನ್ನು ಒಮ್ಮೆ ಲೆಕ್ಕ ಹಾಕೋಣ, ಲೆಕ್ಕ ನಿಮ್ಮದೇ ಕ್ಷೇತ್ರ. ಶುಕ್ರವಾರ ಸಂಜೆ ಏಳಕ್ಕೆ ಹೊರಟು ಭಾನುವಾರ ರಾತ್ರಿ ಹನ್ನೊಂದಕ್ಕೆ ಮನೆ ಅಂದರೆ ಒಟ್ಟು 52 ಗಂಟೆ. ಚಿಕ್ಕಮಗಳೂರು ಸುಮಾರು 245 ಕಿಲೋಮೀಟರ್. ರಸ್ತೆ ಖಾಲಿಯಿದ್ದರೆ ಐದು ಗಂಟೆ. ಶುಕ್ರವಾರ ರಾತ್ರಿ ನೆಲಮಂಗಲ ದಾಟುವುದಕ್ಕೇ ಒಂದೂವರೆ ಗಂಟೆ ಹೋದರೆ, ನಡುವೆ ಊಟಕ್ಕೂ ನಿಲ್ಲಿಸಿದರೆ, ಆರೂವರೆ. ಹೋಗಿ ಬರುವುದಕ್ಕೆ ಹದಿಮೂರು. ಎರಡು ರಾತ್ರಿಗೂ ಸೇರಿ ನಿದ್ದೆ ಹನ್ನೊಂದು. ನಾಲ್ಕು ಜನರ ಸ್ನಾನ, ತಿಂಡಿ, ಊಟ, ಬ್ಯಾಗು ಬಿಚ್ಚುವುದು, ಮತ್ತೆ ತುಂಬುವುದು ಅಂತ ಹತ್ತು. ನೋಡಲೇಬೇಕು ಅಂದುಕೊಂಡ ಜಾಗಗಳಿಗೆ ಓಡಾಟ ಆರು. ಉಳಿದದ್ದು ಹನ್ನೆರಡು ಗಂಟೆ. ಅದರಲ್ಲಿ ಪಾರ್ಕಿಂಗ್ ಹುಡುಕಾಟ, ಟಿಕೆಟ್ ಸಾಲು, ರೂಮು ಸಿಗುವವರೆಗೆ ಕಾಯುವುದು, ಆಫೀಸಿನ ಕರೆ, ಮಗಳ ಬೇಸರ ಎಲ್ಲವನ್ನೂ ಕಳೆಯಿರಿ. ಯಾರೂ ನಿಮ್ಮನ್ನು ಏನೂ ಕೇಳದೆ ಸುಮ್ಮನೆ ಬಿಟ್ಟ ಹೊತ್ತು ಎಷ್ಟು ಉಳಿಯುತ್ತದೆ? ಹೆಚ್ಚಿನ ಕುಟುಂಬಗಳಲ್ಲಿ ಈ ಲೆಕ್ಕ ಹಾಕಿಸಿದಾಗ ತಾಯಂದಿರ ಪಾಲಿಗೆ ಬರುವುದು ಎರಡು ಗಂಟೆ, ಕೆಲವರಿಗೆ ಅದೂ ಇಲ್ಲ. ದಣಿವು ಇಳಿಸುವುದು ಆ ಹೊತ್ತು. ಊರು ಎಷ್ಟು ದೂರ, ಬೆಟ್ಟ ಎಷ್ಟು ಎತ್ತರ ಅನ್ನುವುದು ಅದಕ್ಕೆ ಸೇರುವುದಿಲ್ಲ.

ಕೆಲಸದ ದಣಿವಿನಿಂದ ಚೇತರಿಸಿಕೊಳ್ಳಲು ಏನು ಬೇಕು ಅನ್ನುವುದರ ಬಗ್ಗೆ ಸಾಕಷ್ಟು ಅಧ್ಯಯನ ನಡೆದಿದೆ. ಮನಶ್ಶಾಸ್ತ್ರಜ್ಞರಾದ ಸಬೀನ್ ಸೊನ್ನೆಂಟಾಗ್ ಮತ್ತು ಷಾರ್ಲಟ್ ಫ್ರಿಟ್ಜ್ 2007ರಲ್ಲಿ ಗುರುತಿಸಿದ ನಾಲ್ಕು ಅಂಶಗಳನ್ನು ಈಗಲೂ ಈ ಕ್ಷೇತ್ರದಲ್ಲಿ ಬಳಸುತ್ತೇವೆ: ಕೆಲಸದ ಯೋಚನೆ ತಲೆಯಿಂದ ಇಳಿಯಬೇಕು, ಮೈ ಸಡಿಲವಾಗಬೇಕು, ಕೆಲಸಕ್ಕೆ ಸಂಬಂಧವಿಲ್ಲದ ಏನಾದರೊಂದನ್ನು ಕಲಿಯುವ ಅಥವಾ ಮಾಡಿ ಮುಗಿಸುವ ಖುಷಿ ಇರಬೇಕು, ನಮ್ಮ ಹೊತ್ತು ನಮ್ಮ ಕೈಯಲ್ಲಿರಬೇಕು. ನಿಮ್ಮ ಪ್ರವಾಸದಲ್ಲಿ ಈ ಕೊನೆಯದು ಪೂರ್ತಿ ಕೈಬಿಟ್ಟಿದೆ. ಹೋಟೆಲಿನವರ ವೇಳೆ, ರಸ್ತೆಯ ವೇಳೆ, ಮಗಳ ಹೊಟ್ಟೆ, ಅತ್ತೆಯವರ ಮಾತ್ರೆ, ಪತಿಯ ಪಟ್ಟಿ, ಇವುಗಳ ನಡುವೆ ನಿಮ್ಮದು ಅಂತ ಏನೂ ಉಳಿದಿಲ್ಲ. ಆಫೀಸಿನಲ್ಲಿ ತಿಂಗಳ ಕೊನೆಯ ಲೆಕ್ಕ ಮುಗಿಸುವಾಗ ಇರುವ ಸ್ಥಿತಿಯೇ ಇದು. ಹಾಗಾಗಿ ನಿಮ್ಮಲ್ಲಿ ದೋಷ ಹುಡುಕಬೇಕಾಗಿಲ್ಲ.

ಹತ್ತು ದಿನ ಹೋದರೆ ಸರಿಹೋಗುತ್ತದೆಯೇ?

ಪತಿಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ದೀರ್ಘ ರಜೆಯ ಬಗ್ಗೆ ನೆದರ್‌ಲ್ಯಾಂಡ್ಸ್‌ನಲ್ಲಿ ನಡೆದ ಅಧ್ಯಯನವೊಂದರಲ್ಲಿ ಜನರ ನೆಮ್ಮದಿ ಎಂಟನೇ ದಿನದ ಹೊತ್ತಿಗೆ ಗರಿಷ್ಠ ಮುಟ್ಟಿತ್ತು. ಆದರೆ ಕೆಲಸಕ್ಕೆ ಮರಳಿದ ಮೊದಲ ವಾರದಲ್ಲೇ ಅದು ಹಳೆಯ ಮಟ್ಟಕ್ಕೆ ಇಳಿಯಿತು. ಮೂರು ವಾರ ಹೋದವರಿಗೂ ಹೀಗೇ ಆಯಿತು. ಹಾಗಂತ ದೀರ್ಘ ರಜೆ ಬೇಡ ಅನ್ನುತ್ತಿಲ್ಲ. ವರ್ಷವಿಡೀ ಒಟ್ಟುಗೂಡಿದ ದಣಿವನ್ನು ಒಂದೇ ಏಟಿಗೆ ತೀರಿಸಲು ಅದನ್ನು ನೆಚ್ಚಿಕೊಳ್ಳಬೇಡಿ ಅಷ್ಟೇ. ನಿದ್ದೆಯ ಹಾಗೆ ಬಿಡುವನ್ನೂ ಆಗಾಗ ತೆಗೆದುಕೊಳ್ಳುತ್ತಿರಬೇಕು. ಡಚ್ ಪ್ರವಾಸಿಗರ ಬಗ್ಗೆ 2010ರಲ್ಲಿ ಬಂದ ಇನ್ನೊಂದು ಅಧ್ಯಯನದ ಪ್ರಕಾರ, ರಜೆಗೆ ಹೋಗುವವರು ಹೋಗದವರಿಗಿಂತ ಹೆಚ್ಚು ಖುಷಿಯಾಗಿದ್ದದ್ದು ಹೊರಡುವುದಕ್ಕೆ ಮುಂಚೆ, ಎದುರುನೋಡುವ ದಿನಗಳಲ್ಲಿ. ಬಂದ ಮೇಲೆ ಬಹುತೇಕರಲ್ಲಿ ವ್ಯತ್ಯಾಸ ಕಾಣಲಿಲ್ಲ, ರಜೆಯಲ್ಲಿ ತುಂಬಾ ಆರಾಮಾಗಿದ್ದೆವು ಅಂದವರನ್ನು ಬಿಟ್ಟರೆ. ಎದುರುನೋಡಲು ಸಣ್ಣ ಸಣ್ಣ ಮೂರು ಪ್ರವಾಸ ಇರುವುದು ದೊಡ್ಡದೊಂದಕ್ಕಿಂತ ಲಾಭ ಅಂತ ನಾನು ಹೇಳುವುದು ಇದೇ ಕಾರಣಕ್ಕೆ.

ಮೌನ ಶಿಬಿರದ ಬಗ್ಗೆ ಸ್ವಲ್ಪ ಎಚ್ಚರ ಇರಲಿ. ಬೆಳಗಿನ ಜಾವ ಎದ್ದು ದಿನಕ್ಕೆ ಹತ್ತು ಗಂಟೆಯ ಹತ್ತಿರ ಕೂರುವುದು ವಿಶ್ರಾಂತಿಯಲ್ಲ, ಕಠಿಣ ಅಭ್ಯಾಸ. ಅದರಲ್ಲಿ ಆಸಕ್ತಿ ಇದ್ದವರು ಹೋಗಲಿ. ದಣಿವಿಗೆ ಮದ್ದು ಅಂತ ಹೋದವರು ಮೂರನೇ ದಿನಕ್ಕೆ ಬೆನ್ನುನೋವು, ನಿದ್ದೆಗೇಡು ಅಂತ ವಾಪಸ್ ಬರುವುದುಂಟು. ಹಿಂದೆ ಖಿನ್ನತೆ, ತೀವ್ರ ಆತಂಕ ಅಥವಾ ಬೇರೆ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆದವರು ತಮ್ಮ ವೈದ್ಯರನ್ನು ಕೇಳದೆ ಸೇರಬಾರದು, ಮಾತ್ರೆಯನ್ನಂತೂ ನಿಲ್ಲಿಸಲೇಬಾರದು.

ಶನಿವಾರದ ತಲೆನೋವು

ಇದಕ್ಕೆ ಬೆಟ್ಟದ ಗಾಳಿ ಕಾರಣ ಅಲ್ಲ, ಯಾರದೋ ದೃಷ್ಟಿ ತಾಗಿದ್ದೂ ಅಲ್ಲ. ನಾಲ್ಕು ಸಾಮಾನ್ಯ ಕಾರಣಗಳಿವೆ. ಸಾಮಾನ್ಯವಾಗಿ ಎರಡು ಮೂರು ಒಟ್ಟಿಗೆ ಬರುತ್ತವೆ.

ಮೊದಲನೆಯದು ಕಾಫಿ. ಆಫೀಸಿನ ದಿನ ಬೆಳಿಗ್ಗೆ ಮನೆಯಲ್ಲಿ ಒಂದು ಲೋಟ, ಆಮೇಲೆ ಆಫೀಸಿನಲ್ಲಿ ಎರಡು ಮೂರು. ಶನಿವಾರ ಹೋಮ್‌ಸ್ಟೇಯಲ್ಲಿ ಎದ್ದದ್ದೇ ಒಂಬತ್ತಕ್ಕೆ, ಸಿಕ್ಕಿದ್ದು ನೀರುನೀರಾದ ಒಂದು ಕಪ್. ಕೆಫೀನ್ ತಪ್ಪಿದರೆ ತಲೆನೋವು ಶುರುವಾಗುವುದು ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆಯ ಒಳಗೆ. ಶುಕ್ರವಾರ ಸಂಜೆ ನಾಲ್ಕರ ಕಾಫಿಯಿಂದ ಎಣಿಸಿದರೆ ಸರಿಯಾಗಿ ಶನಿವಾರ ಬೆಳಿಗ್ಗೆಯಿಂದ ಮಧ್ಯಾಹ್ನದ ಹೊತ್ತಿಗೆ ಬೀಳುತ್ತದೆ. ಮನೆಯ ಹೊತ್ತಿಗೇ, ಮನೆಯ ಅಳತೆಯಲ್ಲೇ ಕುಡಿಯಿರಿ. ಪುಟ್ಟ ಫಿಲ್ಟರು, ನೂರು ಗ್ರಾಂ ಪುಡಿ ಬ್ಯಾಗಿನಲ್ಲಿದ್ದರೆ ಯಾರ ಹಂಗೂ ಇಲ್ಲ. ಕಾಫಿ ಬಿಡಬೇಕು ಅಂತಿದ್ದರೆ ಊರಲ್ಲಿರುವಾಗ ಎರಡು ವಾರದಲ್ಲಿ ಅರ್ಧ ಲೋಟದಂತೆ ಇಳಿಸಿಕೊಂಡು ಬನ್ನಿ. ಪ್ರವಾಸದಲ್ಲಿ ಆ ಪ್ರಯೋಗ ಬೇಡ.

ಎರಡನೆಯದು ನೀರು. ದಾರಿಯಲ್ಲಿ ಶೌಚಾಲಯ ಚೆನ್ನಾಗಿರುವುದಿಲ್ಲ ಅಂತ ಹೆಂಗಸರು ಹೊರಡುವ ಎರಡು ಗಂಟೆ ಮುಂಚಿನಿಂದಲೇ ನೀರು ಕುಡಿಯುವುದನ್ನು ನಿಲ್ಲಿಸುತ್ತಾರೆ. ಕೇಳಿದರೆ ಹತ್ತರಲ್ಲಿ ಎಂಟು ಜನ ಹೌದು ಅನ್ನುತ್ತಾರೆ. ತಲೆನೋವು, ಮಲಬದ್ಧತೆ, ಎರಡು ದಿನದ ಮೇಲೆ ಉರಿಮೂತ್ರ, ಎಲ್ಲಕ್ಕೂ ಇದು ಮೂಲ. ಗಂಟೆಗೆ ಒಂದು ಲೋಟದ ಹಾಗೆ ಕುಡಿಯಿರಿ. ನಿಲ್ಲುವ ಜಾಗಗಳನ್ನು ಮೊದಲೇ ಗೊತ್ತುಮಾಡಿಕೊಳ್ಳಿ: ಹೆದ್ದಾರಿಯ ದೊಡ್ಡ ಸಸ್ಯಾಹಾರಿ ಹೋಟೆಲ್, ಹೊಸ ಪೆಟ್ರೋಲ್ ಬಂಕ್. ಕಾಗದದ ಸೀಟ್ ಕವರ್, ಒಂದು ಪುಟ್ಟ ಸಾಬೂನು ಕೈಚೀಲದಲ್ಲಿರಲಿ.

ಮೂರನೆಯದು ಹಸಿವು ಮತ್ತು ನಿದ್ದೆಯ ಏರುಪೇರು. ನಾಲ್ಕನೆಯದು ಮೈಗ್ರೇನ್ ಇರುವವರಿಗೆ ಮಾತ್ರ: ಒತ್ತಡ ಏರಿದಾಗ ಅಲ್ಲ, ಇಳಿದಾಗ ಬರುವ ತಲೆನೋವು. ವಾರವಿಡೀ ಬಿಗಿಯಾಗಿದ್ದು ಶುಕ್ರವಾರ ಸಂಜೆ ದಿಢೀರ್ ಸಡಿಲಾದರೆ ಮಾರನೆಯ ದಿನ ಕೆಲವರಿಗೆ ಅದು ಕಾಣಿಸಿಕೊಳ್ಳುತ್ತದೆ. ವಾರದ ನಡುವೆಯೂ ದಿನಕ್ಕೆ ಅರ್ಧ ಗಂಟೆ ಸಡಿಲಾಗುವುದನ್ನು ರೂಢಿ ಮಾಡಿಕೊಂಡರೆ ಈ ಏರಿಳಿತ ಕಡಿಮೆಯಾಗುತ್ತದೆ. ನೋವಿನ ಮಾತ್ರೆ ಯಾವಾಗಲೋ ಒಮ್ಮೆ ಆದರೆ ಪರವಾಗಿಲ್ಲ. ತಿಂಗಳಲ್ಲಿ ಹತ್ತು ಹದಿನೈದು ದಿನ ನುಂಗುತ್ತಿದ್ದರೆ ಆ ಮಾತ್ರೆಯೇ ತಲೆನೋವು ತರುತ್ತದೆ. ಆಗ ವೈದ್ಯರನ್ನು ಕಾಣಬೇಕು.

ಹಾಗಾದರೆ ಹೇಗೆ ಹೋಗಬೇಕು?

ಮೊದಲು ಬಿಡಬೇಕಾದದ್ದು ಶುಕ್ರವಾರ ರಾತ್ರಿಯ ಡ್ರೈವಿಂಗ್. ದಿನವಿಡೀ ದುಡಿದವರು ಮಧ್ಯರಾತ್ರಿ ದಾಟಿ ಗಾಡಿ ಓಡಿಸುವುದು ಅಪಾಯ. ಅದರಲ್ಲೂ ಎರಡರಿಂದ ಐದು ಗಂಟೆಯ ನಡುವೆ ದೇಹವೇ ನಿದ್ದೆಗೆ ಎಳೆಯುತ್ತದೆ, ಕಣ್ಣು ತೆರೆದಿದ್ದಂತೆಯೇ ಒಂದೆರಡು ಸೆಕೆಂಡ್ ತೂಕಡಿಕೆ ಬರುತ್ತದೆ. ಕಿಟಕಿ ಇಳಿಸುವುದು, ಹಾಡು ಹಾಕುವುದು ಇದಕ್ಕೆ ಉಪಾಯವಲ್ಲ. ಅನಿವಾರ್ಯವಾಗಿ ಸಿಕ್ಕಿಕೊಂಡರೆ ಸುರಕ್ಷಿತ ಜಾಗದಲ್ಲಿ ಗಾಡಿ ನಿಲ್ಲಿಸಿ, ಒಂದು ಕಾಫಿ ಕುಡಿದು, ತಕ್ಷಣ ಇಪ್ಪತ್ತು ನಿಮಿಷ ಮಲಗಬೇಕು. ಏಳುವ ಹೊತ್ತಿಗೆ ಕೆಫೀನ್ ಹತ್ತಿರುತ್ತದೆ.

ಶುಕ್ರವಾರ ರಾತ್ರಿ ಮನೆಯಲ್ಲೇ ಹತ್ತಕ್ಕೆ ಮಲಗಿ. ಶನಿವಾರ ಬೆಳಿಗ್ಗೆ ಆರಕ್ಕೆ ಹೊರಡಿ. ಹೋಗುವ ಊರು ಮೂರು ಗಂಟೆಯ ಒಳಗಿರಲಿ. ಮೈಸೂರು, ಮೇಲುಕೋಟೆ, ಶಿವನಸಮುದ್ರ, ದೇವರಾಯನದುರ್ಗ ಎಲ್ಲವೂ ಬೆಂಗಳೂರಿನಿಂದ ಹೆಚ್ಚುಕಡಿಮೆ 150 ಕಿಲೋಮೀಟರ್ ಒಳಗೇ ಇವೆ. ನನ್ನನ್ನು ಕೇಳಿದರೆ ನಿಮ್ಮಂಥ ಕುಟುಂಬಕ್ಕೆ ಮೊದಲ ಪ್ರಯೋಗಕ್ಕೆ ಮೈಸೂರೇ ಸರಿ, ಅದೂ ರೈಲಿನಲ್ಲಿ. ಎರಡರಿಂದ ಮೂರು ಗಂಟೆ. ಯಾರೂ ಸ್ಟೀರಿಂಗ್ ಹಿಡಿಯಬೇಕಿಲ್ಲ, ಶೌಚಾಲಯ ಬೋಗಿಯಲ್ಲೇ ಇದೆ, ಘಾಟಿ ಇಲ್ಲ, ಅತ್ತೆಯವರು ಎದ್ದು ನಾಲ್ಕು ಹೆಜ್ಜೆ ಓಡಾಡಬಹುದು. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡಿಗೆ, ಮಧ್ಯಾಹ್ನ ನಿದ್ದೆ, ಸಂಜೆ ದೇವರಾಜ ಮಾರುಕಟ್ಟೆಯಲ್ಲೊಂದು ಸುತ್ತು. ಅರಮನೆ, ಮೃಗಾಲಯ, ಬೆಟ್ಟ ಮೂರನ್ನೂ ಮುಗಿಸಬೇಕು ಅಂತ ಹೊರಟರೆ ಮಾತ್ರ ಮತ್ತೆ ಮೊದಲಿನ ಕಥೆಯೇ. ದಸರೆಯ ಹತ್ತು ದಿನ ಆ ಕಡೆ ಹೋಗಬೇಡಿ. ಶಿವನಸಮುದ್ರಕ್ಕೆ ಹೋದರೆ ಗಗನಚುಕ್ಕಿ, ಭರಚುಕ್ಕಿಯನ್ನು ದೂರದಿಂದಲೇ ನೋಡಿ. ಕಾವೇರಿಯ ಮಡುಗಳಲ್ಲಿ ಈಜು ಬಲ್ಲವರೂ ಮುಳುಗುತ್ತಾರೆ.

ಮಲೆನಾಡೇ ಬೇಕು ಅಂದರೆ ಎರಡು ದಿನಕ್ಕೆ ಹೋಗಬೇಡಿ. ಸೋಮವಾರವೂ ರಜೆ ಹಾಕಿ, ಶನಿವಾರ ಬೆಳಿಗ್ಗೆ ಹೋಗಿ, ಎರಡು ರಾತ್ರಿಯೂ ಒಂದೇ ಜಾಗದಲ್ಲಿರಿ. ಇದಕ್ಕೆ ಕಾರಣವಿದೆ. ಹೊಸ ಜಾಗದ ಮೊದಲ ರಾತ್ರಿ ನಿದ್ದೆ ಗಾಢವಾಗುವುದಿಲ್ಲ. ಮಿದುಳಿನ ಒಂದು ಪಾರ್ಶ್ವ ಇನ್ನೊಂದರಷ್ಟು ಆಳಕ್ಕೆ ಇಳಿಯದೆ ಸಪ್ಪಳಕ್ಕೆ ಕಿವಿಗೊಟ್ಟಿರುತ್ತದೆ ಅಂತ ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ತೋರಿಸಿದರು. ಒಂದೇ ರಾತ್ರಿಯ ಪ್ರವಾಸದಲ್ಲಿ ನಿಮಗೆ ಸಿಗುವುದು ಆ ಕೆಟ್ಟ ರಾತ್ರಿ ಮಾತ್ರ. ಅದಕ್ಕೇ ಪ್ರತಿ ತಿಂಗಳೂ ಹೊಸ ಊರು ಹುಡುಕುವ ಚಟ ಬಿಡಿ. ಹಿಡಿಸಿದ ಒಂದು ಹೋಮ್‌ಸ್ಟೇಗೇ ಮತ್ತೆ ಮತ್ತೆ ಹೋಗಿ. ದಾರಿ ಗೊತ್ತಿರುತ್ತದೆ, ಸ್ವಿಚ್ಚು ಎಲ್ಲಿದೆ ಗೊತ್ತಿರುತ್ತದೆ, ನೋಡಬೇಕಾದದ್ದು ಬಾಕಿ ಇರುವುದಿಲ್ಲ. ನಿಮ್ಮ ದಿಂಬು, ಹೊದಿಕೆ ಒಯ್ಯಿರಿ. ಯಾರಾದರೂ ನಕ್ಕರೆ ನಗಲಿ.

ಬುಕ್ ಮಾಡುವ ಮುಂಚೆ ಫೋನಿನಲ್ಲಿ ಮಾಲೀಕರ ಜೊತೆಯೇ ಮಾತಾಡಿ, ಚಿತ್ರ ನೋಡಿ ಹಣ ಹಾಕಬೇಡಿ. ಕೇಳಬೇಕಾದದ್ದು: ರಾತ್ರಿ ಸಂಗೀತ, ಕ್ಯಾಂಪ್‌ಫೈರ್ ಎಷ್ಟಕ್ಕೆ ನಿಲ್ಲುತ್ತದೆ? ಆ ದಿನ ಹುಡುಗರ ದೊಡ್ಡ ಗುಂಪು ಬುಕ್ ಆಗಿದೆಯೇ? ನೆಲಮಹಡಿಯಲ್ಲಿ ಕಮೋಡ್ ಇರುವ ಕೋಣೆ ಇದೆಯೇ? ಬಿಸಿನೀರು ಯಾವ ಹೊತ್ತಿಗೆ? ಕರೆಂಟ್ ಹೋದರೆ ಏನು ವ್ಯವಸ್ಥೆ? ಕೊನೆಯ ಎರಡು ಕಿಲೋಮೀಟರ್ ನಮ್ಮ ಕಾರು ಬರುತ್ತದೆಯೇ ಅಥವಾ ಜೀಪ್ ಬೇಕೇ? ತಲೆಗಿಷ್ಟು ಅನ್ನುವ ದರದಲ್ಲಿ ಮೂರು ಹೊತ್ತಿನ ಊಟ ಸೇರಿದೆಯೇ, ಮಗುವಿಗೆ ಎಷ್ಟು? ಚೆಕ್‌ಇನ್ ಮಧ್ಯಾಹ್ನ ಒಂದಕ್ಕೆ ಅಂದರೆ ಒಂದಕ್ಕೇ ತಲುಪುವ ಹಾಗೆ ಹೊರಡಿ. ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ವರಾಂಡದಲ್ಲಿ ನಾಲ್ಕು ಗಂಟೆ ಬ್ಯಾಗು ಕಾಯುವುದಕ್ಕಿಂತ ಮನೆಯಲ್ಲಿ ಇನ್ನೆರಡು ಗಂಟೆ ಮಲಗಿದ್ದರೆ ಚೆನ್ನಾಗಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಾಟಿಗಳಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚುವುದಿದೆ, ಹೊರಡುವ ದಿನ ವಿಚಾರಿಸಿಕೊಳ್ಳಿ.

ವಾಪಸಾಗುವುದನ್ನು ಯಾರೂ ಯೋಜಿಸುವುದಿಲ್ಲ, ಸೋಮವಾರ ಹಾಳಾಗುವುದು ಅಲ್ಲೇ. ಕೊನೆಯ ದಿನ ಮಧ್ಯಾಹ್ನ ಮೂರು ನಾಲ್ಕಕ್ಕೆ ಮನೆಯಲ್ಲಿರಬೇಕು. ಆಗ ಸಂಜೆ ಊರಿಗೆ ನುಗ್ಗುವ ವಾಹನಗಳ ಸಾಲು ತಪ್ಪುತ್ತದೆ, ಬಟ್ಟೆ ಯಂತ್ರಕ್ಕೆ ಬೀಳುತ್ತದೆ, ಮಗಳ ಶಾಲೆಯ ಚೀಲ ಸಿದ್ಧವಾಗುತ್ತದೆ, ಹತ್ತಕ್ಕೆ ಎಲ್ಲರೂ ಮಲಗಬಹುದು. ದೋಸೆ ಹಿಟ್ಟು ಶುಕ್ರವಾರವೇ ಫ್ರಿಜ್ಜಿನಲ್ಲಿರಲಿ. ಬಂದ ರಾತ್ರಿ ಯಾರೂ ಅಡುಗೆ ಯೋಚನೆ ಮಾಡಬಾರದು.

ಫೋನು ಪೂರ್ತಿ ಆಫ್ ಮಾಡುವುದು ಹೆಚ್ಚಿನವರಿಗೆ ಕೂಡಿಬರುವುದಿಲ್ಲ, ಮಾಡಿದರೂ ಏನಾಗಿದೆಯೋ ಅನ್ನುವ ಆತಂಕ ಇರುತ್ತದೆ. ಅರ್ಧಕ್ಕೆ ಬಿಟ್ಟ ಕೆಲಸ ತಲೆಯಲ್ಲಿ ಗುಂಯ್‌ಗುಡುತ್ತಲೇ ಇರುವುದರಿಂದ, ಶುಕ್ರವಾರ ಆಫೀಸಿನಿಂದ ಹೊರಡುವ ಮುಂಚಿನ ಅರ್ಧ ಗಂಟೆ ಅದಕ್ಕೇ ಮೀಸಲಿಡಿ. ಬಾಕಿ ಇರುವುದೇನು, ಸೋಮವಾರ ಮೊದಲು ಯಾವುದು, ಯಾರನ್ನು ಕೇಳಬೇಕು ಅಂತ ಕಾಗದದ ಮೇಲೆ ಬರೆದು ಮೇಜಿನಲ್ಲೇ ಬಿಡಿ. ಆಫೀಸಿನ ಮೇಲ್, ಗುಂಪಿನ ಸಂದೇಶಗಳ ನೋಟಿಫಿಕೇಶನ್ ನಿಲ್ಲಿಸಿ. ನಿಜಕ್ಕೂ ತುರ್ತಾದರೆ ಕರೆ ಮಾಡಿ ಅಂತ ಒಬ್ಬರಿಗೆ ಹೇಳಿಡಿ. ಸಂಜೆ ಆರಕ್ಕೆ ಒಮ್ಮೆ, ಹದಿನೈದು ನಿಮಿಷ ನೋಡಿದರೆ ಸಾಕು.

ಇನ್ನು ಮನೆಯೊಳಗಿನ ಹಂಚಿಕೆ. ಪ್ರವಾಸದ ಕೆಲಸವನ್ನು ಪಟ್ಟಿ ಮಾಡಿದರೆ ಡ್ರೈವಿಂಗ್ ಒಂದು ಪತಿಯ ಪಾಲಿಗೆ, ಉಳಿದ ಇಪ್ಪತ್ತು ನಿಮ್ಮ ಪಾಲಿಗೆ ಇರುತ್ತವೆ ಅಂತ ನನ್ನ ಅಂದಾಜು. ಯಾರಿಗೂ ಕಾಣದ ಕೆಲಸ ಅದು: ಮಾತ್ರೆ ಎಣಿಸಿದ್ದು, ಚಾರ್ಜರ್ ನೆನಪಿಟ್ಟದ್ದು, ಮಗಳಿಗೆ ಇನ್ನೊಂದು ಜೊತೆ ಬಟ್ಟೆ ಇಟ್ಟದ್ದು. ಪಟ್ಟಿಯನ್ನು ಬರೆದು ಫ್ರಿಜ್ಜಿಗೆ ಅಂಟಿಸಿ, ಅರ್ಧಕ್ಕೆ ಅವರ ಹೆಸರು ಹಾಕಿ. ಅಲ್ಲಿಗೆ ಹೋದ ಮೇಲೂ ದಿನಕ್ಕೆ ಮೂರು ಗಂಟೆ ನಿಮ್ಮದು, ಮೂರು ಗಂಟೆ ಅವರದು. ಆ ಹೊತ್ತಿನಲ್ಲಿ ಮಗಳೂ ಮನೆಯೂ ಇನ್ನೊಬ್ಬರ ಜವಾಬ್ದಾರಿ. ನಿಮ್ಮ ಮೂರು ಗಂಟೆಯಲ್ಲಿ ಮಲಗಿದರೂ ಸರಿ, ತೋಟದಲ್ಲಿ ಒಬ್ಬರೇ ಅಡ್ಡಾಡಿದರೂ ಸರಿ.

ಇನ್ನೊಂದು ದಾರಿಯೂ ಇದೆ, ಕೇಳಿದವರು ಮೊದಲು ಹುಬ್ಬೇರಿಸುತ್ತಾರೆ. ಪತಿ, ಮಗಳು, ಅತ್ತೆ ಮೂವರೂ ಒಂದು ದಿನ ಅವರ ಊರಿಗೆ ಹೋಗಲಿ, ನೀವು ಮನೆಯಲ್ಲೇ ಇರಿ. ಖರ್ಚಿಲ್ಲ, ಪ್ರಯಾಣವಿಲ್ಲ. ಆ ದಿನ ಕಪಾಟು ಜೋಡಿಸಲು ಕೂತರೆ ಮಾತ್ರ ದಂಡ. ತವರಿಗೆ ಹೋಗುವುದೂ ಒಂದು ಆಯ್ಕೆ, ಅಲ್ಲಿ ಕಾರ್ಯಕ್ರಮ ಇಲ್ಲದ ದಿನ. ಗೃಹಪ್ರವೇಶ, ಜಾತ್ರೆ, ಮದುವೆಗೆ ಹೋಗಿ ಬಂದದ್ದನ್ನು ಬಿಡುವಿನ ಲೆಕ್ಕಕ್ಕೆ ಹಿಡಿಯಬೇಡಿ.

ಮಗಳ ವಾಂತಿಗೆ: ಕಣ್ಣು ನೋಡುವುದಕ್ಕೂ ಕಿವಿಯೊಳಗಿನ ಸಮತೋಲನದ ಅಂಗ ಹೇಳುವುದಕ್ಕೂ ತಾಳೆಯಾಗದೆ ಹೀಗಾಗುತ್ತದೆ. ಎರಡರಿಂದ ಹನ್ನೆರಡು ವರ್ಷದವರಿಗೆ ಹೆಚ್ಚು, ದೊಡ್ಡವರಾದಂತೆ ಕಡಿಮೆಯಾಗುತ್ತದೆ. ಘಾಟಿಯಲ್ಲಿ ಫೋನು, ಪುಸ್ತಕ ಬೇಡ. ಮುಂದಿನ ಗಾಜಿನಿಂದ ದೂರದ ರಸ್ತೆ ಕಾಣುವಂತೆ ಕೂರಿಸಿ. ಪೂರಿ, ವಡೆ ಬಿಟ್ಟು ಎರಡು ಇಡ್ಲಿ ಸಾಕು, ಪೂರ್ತಿ ಖಾಲಿ ಹೊಟ್ಟೆಯೂ ಬೇಡ. ಮಾತ್ರೆ ಕೊಡುವುದಾದರೆ ಮಕ್ಕಳ ವೈದ್ಯರಿಂದ ತೂಕಕ್ಕೆ ತಕ್ಕ ಪ್ರಮಾಣ ಕೇಳಿಕೊಂಡು, ಹೊರಡುವ ಒಂದೆರಡು ಗಂಟೆ ಮುಂಚೆ ಕೊಡಬೇಕು. ವಾಂತಿ ಶುರುವಾದ ಮೇಲೆ ಕೊಟ್ಟರೆ ನಿಲ್ಲುವುದಿಲ್ಲ. ಈ ಮಾತ್ರೆಗಳಿಂದ ನಿದ್ದೆ ಬರುತ್ತದೆ, ಗಾಡಿ ಓಡಿಸುವವರು ತಗೊಳ್ಳಲೇಬಾರದು.

ಯಾವಾಗ ವೈದ್ಯರ ಹತ್ತಿರ ಹೋಗಬೇಕು?

ಹೀಗೆ ಬದಲಾಯಿಸಿಕೊಂಡು ಎರಡು ಮೂರು ಸಲ ಹೋಗಿ ಬಂದರೂ, ಚೆನ್ನಾಗಿ ನಿದ್ದೆ ಆದರೂ ಸುಸ್ತು ಹಾಗೇ ಇದ್ದರೆ ಅದು ಬಿಡುವಿನ ಕೊರತೆಯಲ್ಲ. ನಿಮ್ಮ ವಯಸ್ಸಿನ ಮಹಿಳೆಯರಲ್ಲಿ ಮೊದಲು ನೋಡಬೇಕಾದದ್ದು ಹಿಮೋಗ್ಲೋಬಿನ್, ಥೈರಾಯ್ಡ್, ರಕ್ತದ ಸಕ್ಕರೆ. ಸಸ್ಯಾಹಾರಿಯಾಗಿದ್ದರೆ ಬಿ12 ಕೂಡ. ಮುಟ್ಟಿನಲ್ಲಿ ರಕ್ತಸ್ರಾವ ಹೆಚ್ಚಿದ್ದರೆ, ರಾತ್ರಿ ಜೋರು ಗೊರಕೆ ಇದ್ದರೆ ಅದನ್ನೂ ಹೇಳಿ. ಎರಡು ವಾರದಿಂದ ಬಹುತೇಕ ದಿನ ಯಾವುದರಲ್ಲೂ ಆಸಕ್ತಿ ಇಲ್ಲ, ಬೆಳಗಿನ ಜಾವ ಎಚ್ಚರವಾಗಿ ಮತ್ತೆ ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ, ಕಾರಣವಿಲ್ಲದೆ ಅಳು ಬರುತ್ತದೆ ಅಂತಿದ್ದರೆ ಖಿನ್ನತೆಯ ಸಾಧ್ಯತೆ ನೋಡಬೇಕು. ಅದಕ್ಕೆ ಚಿಕಿತ್ಸೆ ಇದೆ, ಪ್ರವಾಸ ಆ ಚಿಕಿತ್ಸೆಯಲ್ಲ. ಬದುಕು ಬೇಡ ಅನ್ನಿಸಿದರೆ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ತಲೆನೋವು ಸಿಡಿಲು ಬಡಿದಂತೆ ಹಠಾತ್ತನೆ ಬಂದರೆ, ಜೊತೆಗೆ ದೃಷ್ಟಿ ಮಂಜಾದರೆ, ಕೈಕಾಲು ಸೋತರೆ, ಜ್ವರದೊಂದಿಗೆ ಕುತ್ತಿಗೆ ಬಿಗಿದರೆ ನೇರ ಆಸ್ಪತ್ರೆಗೆ ಹೋಗಿ.

ಕೊನೆಯದಾಗಿ ಅತ್ತೆಯವರ ವಿಷಯ. ಅವರನ್ನು ಬಿಟ್ಟು ಹೋಗಬೇಕು ಅನ್ನಿಸುವುದರಲ್ಲಿ ತಪ್ಪೇನಿಲ್ಲ. ಅವರಿಗೆ ಆರೂವರೆ ಗಂಟೆಯ ಕಾರು ಪ್ರಯಾಣ ಇಷ್ಟವೇ ಅಂತ ಯಾರಾದರೂ ಕೇಳಿದ್ದೀರಾ? ಮೊಣಕಾಲು ನೋವು, ಪದೇಪದೇ ಮೂತ್ರಕ್ಕೆ ಏಳುವ ಸಂಕೋಚ, ಬೇರೆ ಮನೆಯ ಊಟ, ಇವನ್ನೆಲ್ಲ ಮಕ್ಕಳ ಖುಷಿಗೆ ಅಂತ ಸಹಿಸಿಕೊಂಡು ಬರುವ ಹಿರಿಯರು ಬಹಳ ಜನ ಇದ್ದಾರೆ. ಪತಿಯೇ ಅವರ ಹತ್ತಿರ ಕೂತು ಕೇಳಲಿ, ನೀವಲ್ಲ. ಮನೆಯಲ್ಲೇ ಇರುತ್ತೇನೆ ಅಂದರೆ ಅವರ ತಂಗಿಯೋ ಮಗಳೋ ಎರಡು ದಿನ ಬಂದು ಜೊತೆಗಿರುವ ಏರ್ಪಾಡು ಮಾಡಿ, ಮಾತ್ರೆಗಳನ್ನು ದಿನವಾರು ಡಬ್ಬಿಯಲ್ಲಿ ತುಂಬಿಡಿ. ಬರುತ್ತೇನೆ ಅಂದರೆ ಎರಡು ಗಂಟೆಗೊಮ್ಮೆ ಗಾಡಿ ನಿಲ್ಲಿಸಿ ಐದು ನಿಮಿಷ ನಡೆಸಿ. ಮೂತ್ರ ಹೆಚ್ಚು ಮಾಡಿಸುವ ಬಿಪಿ ಮಾತ್ರೆಯನ್ನು ಪ್ರಯಾಣದ ದಿನ ಅವರು ಗುಟ್ಟಾಗಿ ಬಿಡುತ್ತಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಹೊತ್ತು ಬದಲಾಯಿಸಬಹುದೇ ಅಂತ ವೈದ್ಯರನ್ನು ಮೊದಲೇ ಕೇಳಿಟ್ಟುಕೊಂಡರೆ ಬಿಡುವ ಪ್ರಮೇಯವೇ ಬರುವುದಿಲ್ಲ.